ಮಗ್ಗದ ಸಪ್ಪಳ ಮತ್ತೆ ಕೇಳುತ್ತಿದೆ

ಎಲ್ಲರಿಗೂ ನಮಸ್ಕಾರ.

ಶ್ರಾವಣದ ಮೊದಲ ಸೋಮವಾರ, 2021ರ ಆಗಸ್ಟ್ 9ಕ್ಕೆ, ನಾವು ಮನೆಯೊಳಗೆ ಬಂದೆವು. ಸ್ವಂತ ಮನೆ. ಅದಕ್ಕೆ ಎರಡು ವರ್ಷ ಮೊದಲು ಮಲಪ್ರಭೆ ಹೊಳೆಯ ನೀರಿಗೆ ಸಿಕ್ಕು ಕುಸಿದ ಮನೆಯ ಜಾಗದಲ್ಲೇ, ಈ ಸಲ ಮೂರು ಅಡಿ ಎತ್ತರಕ್ಕೆ ಪಾಯ ಹಾಕಿ ಕಟ್ಟಿದ್ದೇವೆ. ಆಗ ಕೊರೊನಾ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಯಾರನ್ನೂ ಕರೆಯಲು ಆಗಲಿಲ್ಲ. ಐನೋರು ಬಂದು ಪೂಜೆ ಮಾಡಿ ಹೋದರು, ಅವ್ವ ಹೋಳಿಗೆ ಮಾಡಿದಳು, ಮನೆಯ ಐದು ಜನವೇ ಊಟಕ್ಕೆ ಕೂತೆವು. ಅಪ್ಪ ಮಾತ್ರ ತುತ್ತು ಎತ್ತದೆ ಬಹಳ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ, "ಕರೀಬೇಕಾದ ಮಂದಿ ಭಾಳ ಐತಿ, ತಂಗಿ" ಅಂದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊಟಕ್ಕೆ ಕರೆಯಲಾಗದ ಎಲ್ಲರಿಗೂ ಇದು ನಮ್ಮ ಮನೆಯ ಕರೆ ಅಂತಲೇ ತಿಳಿಯಿರಿ.

ನಮ್ಮದು ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕು, ಹೊಳೆದಂಡೆಯ ಊರು. ಅಪ್ಪ ಕೈಮಗ್ಗದ ನೇಕಾರ. 2019ರಲ್ಲಿ ನಾನು ಧಾರವಾಡದಲ್ಲಿ ಬಿ.ಇಡಿ. ಓದುತ್ತಿದ್ದೆ, ಪಂಚಮಿಗೆ ಅಂತ ಊರಿಗೆ ಬಂದಿದ್ದೆ. ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ. ಡಬ್ಬಿ ತುಂಬ ಉಂಡಿ, ಬೇವಿನ ಮರಕ್ಕೆ ಜೋಕಾಲಿ, ಎಲ್ಲ ಇತ್ತು, ಆದರೆ ಮೇಲೆ, ಹೊಳೆ ಹುಟ್ಟುವ ಖಾನಾಪುರ, ಕಣಕುಂಬಿ ಕಡೆ ಮಳೆ ನಿಂತೇ ಇರಲಿಲ್ಲ. ಮಲಪ್ರಭೆಯ ನವಿಲುತೀರ್ಥ ಡ್ಯಾಮ್ ತುಂಬಿ ಗೇಟು ತೆರೆದರು. ಬೇರೆ ಕಡೆಯವರಿಗೆ ಇದೊಂದು ಹೇಳಲೇಬೇಕು: ಅದಕ್ಕೆ ಮೊದಲು ಎಷ್ಟೋ ವರ್ಷ ನಮ್ಮ ಹೊಳೆಯಲ್ಲಿ ನೀರೇ ಸರಿಯಾಗಿ ಇರುತ್ತಿರಲಿಲ್ಲ. ಮಲಪ್ರಭೆಗೆ ನೀರು ಹರಿಸಿ ಅಂತ ನರಗುಂದದಲ್ಲಿ ರೈತರು 2015ರಿಂದ ಧರಣಿ ಕೂತಿದ್ದರು. ಒಣ ಹೊಳೆ ನೋಡಿ ನೋಡಿ ರೂಢಿಯಾದವರಿಗೆ ಅದೇ ಹೊಳೆ ಬಾಗಿಲಿಗೆ ಬರುತ್ತದೆ ಅಂದರೆ ಹೇಗೆ ನಂಬಿಕೆ ಬರಬೇಕು? 2009ರ ನೆರೆಯನ್ನು ಮರೆಯದ ನಮ್ಮ ಆಯಿ (ಅಜ್ಜಿ) ಒಬ್ಬಳೇ "ಬರ್ತೈತಿ, ಗಂಟು ಕಟ್ರಿ" ಅಂತ ಬೆಳಗಿನಿಂದ ಹೇಳುತ್ತಿದ್ದಳು.

ರಾತ್ರಿ ನೀರು ಬಂತು. ಓಣಿಯ ಕೊನೆ ಮನೆಯ ಅಣ್ಣ ಟ್ರ್ಯಾಕ್ಟರ್ ತಂದ. ಅವನ ಮನೆಯ ಜೋಳದ ಚೀಲಗಳು ಇನ್ನೂ ಒಳಗೇ ಇದ್ದವು. ನಾವು ಟ್ರಂಕು ಹೊರತರಲು ಹೋದರೆ, "ಮೊದಲ ಆಯಿನ್ನ ಹತ್ತಸ್ರಿ, ಸಾಮಾನು ಆಮ್ಯಾಲ" ಅಂತ ಬೈದ. ನಾಲ್ಕು ಸಲ ಹೋಗಿ ಬಂದು ಇಡೀ ಓಣಿಯನ್ನು ಸಾಲಿಗೆ, ಅಂದರೆ ಶಾಲೆಗೆ, ಮುಟ್ಟಿಸಿದ. ಐದನೇ ಸಲ ಟ್ರ್ಯಾಕ್ಟರ್ ಹೋಗುವಂತಿರಲಿಲ್ಲ. ಅವನ ಜೋಳ ಅಷ್ಟೂ ಹಾಳಾಯಿತು. ಅಣ್ಣಾ, ಆ ಚೀಲಗಳ ಬಗ್ಗೆ ನೀನು ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ನಾವು ಮರೆತಿಲ್ಲ.

ಸಾಲಿಯಲ್ಲಿ ಒಂಬತ್ತು ದಿನ ಇದ್ದೆವು. ಜನ ಅದನ್ನು ಗಂಜಿ ಕೇಂದ್ರ ಅನ್ನುತ್ತಿದ್ದರು. ಆ ಹೆಸರು ಕೇಳಿದರೆ ಅವ್ವನಿಗೆ ಮೈ ಕುಗ್ಗುತ್ತಿತ್ತು, ಮೊದಲ ದಿನ ಊಟಕ್ಕೇ ಏಳಲಿಲ್ಲ. ಆಗ ಹೆಡ್‌ಮಾಸ್ತರು ತಾವೇ ತಾಟು ಹಿಡಿದು ಬಂದು, "ನನ್ನ ಸಾಲಿಗೆ ಬಂದ ಬೀಗರು ನೀವು, ಏಳ್ರಿ ಅಕ್ಕಾರ" ಅಂದರು. ಅವ್ವ ಎದ್ದಳು. ಸರ್, ನಿಮಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ, ಅವ್ವ ಇದನ್ನು ಬಂದವರಿಗೆಲ್ಲ ಹೇಳುತ್ತಾಳೆ.

ಮೂರನೇ ದಿನದಿಂದ ರೊಟ್ಟಿ ಬರತೊಡಗಿದವು. ನೆರೆ ಬಾರದ ಊರುಗಳಲ್ಲಿ ಮನೆಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ, ಬಟ್ಟೆಯಲ್ಲಿ ಕಟ್ಟಿ, ಗಾಡಿ ಮೇಲೆ ಗಾಡಿ ಕಳಿಸಿದ್ದರು. ಆಯಿ ಒಂದೊಂದೇ ರೊಟ್ಟಿ ಕೈಯಲ್ಲಿ ಹಿಡಿದು ಅಂಚು ಮುಟ್ಟಿ ನೋಡುತ್ತಿದ್ದಳು. "ಇದು ಹಳೇ ಕೈ ನೋಡು, ಹಾಳಿ ಹಂಗ ಐತಿ. ಇದು ಹೊಸಾ ಸೊಸಿ ಬಡದಿದ್ದು, ಅಂಚು ದಪ್ಪ ಐತಿ, ಪಾಪ." ಒಂದು ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದವು. ಸಜ್ಜಿ ರೊಟ್ಟಿಯನ್ನು ಯಾರೂ ಅವಸರದಲ್ಲಿ ಮಾಡುವುದಿಲ್ಲ. ಗುರುತಿಲ್ಲದವರಿಗೆ ಅಂತ ಕೂತು, ಎಳ್ಳು ಹಚ್ಚಿ ಬಡಿದ ಆ ತಾಯಿ ಯಾವ ಊರಿನವರೋ. ನಿಮ್ಮ ಕೈಗೆ ನಮ್ಮ ಶರಣು.

ಇನ್ನೊಂದು ಗುಂಪಿಗೆ ನಾನೇ ಧನ್ಯವಾದ ಹೇಳಬೇಕು. ಹುಬ್ಬಳ್ಳಿಯಿಂದ ಬಂದಿದ್ದ ಕಾಲೇಜು ಹುಡುಗಿಯರು. ಎಲ್ಲರೂ ಅಕ್ಕಿ, ಬಿಸ್ಕಿಟ್, ಚಾದರ ತಂದರು, ಅದೆಲ್ಲ ಬೇಕಾಗಿತ್ತು. ಇವರು ಮಾತ್ರ ಹೆಣ್ಣುಮಕ್ಕಳನ್ನು ಒಂದು ಕ್ಲಾಸ್‌ರೂಮಿಗೆ ಕರೆದು, ಬಾಗಿಲು ಹಾಕಿ, ಪ್ಯಾಡು, ಒಳಬಟ್ಟೆ ಕೊಟ್ಟರು, ಅಳತೆ ಕೇಳಿ ಕೊಟ್ಟರು. ಎರಡು ದಿನದಿಂದ ಯಾರ ಹತ್ತಿರ ಹೇಗೆ ಕೇಳೋದು ಅಂತ ಒದ್ದಾಡುತ್ತಿದ್ದೆ. ಯಾರಾದರೂ ಮುಂದೆ ಸಹಾಯಕ್ಕೆ ಹೊರಟರೆ ದಯವಿಟ್ಟು ಇದನ್ನು ಮರೆಯಬೇಡಿ.

ಈಗ ಸೀರೆಯ ವಿಷಯ. ಇದನ್ನು ಬರೆಯೋದು ಕಷ್ಟ. ಸಾಲಿಯ ವರಾಂಡದಲ್ಲಿ ಹಳೇ ಬಟ್ಟೆಗಳ ದೊಡ್ಡ ರಾಶಿ ಬಿದ್ದಿತ್ತು. ಒಳ್ಳೆ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ, ಆದರೆ ಅದರಲ್ಲಿ ಹರಿದದ್ದು, ಗುಂಡಿ ಇಲ್ಲದ್ದೇ ಜಾಸ್ತಿ. ಅವ್ವ ಉಟ್ಟ ಸೀರೆಯಲ್ಲೇ ಬಂದಿದ್ದಳು, ಬೇರೆ ಇರಲಿಲ್ಲ. ಹಾಗಾಗಿ ಒಂದು ದಿನ ಆ ರಾಶಿಯ ಮುಂದೆ ಸಾಲಿನಲ್ಲಿ ನಿಂತಳು. ಮೂವತ್ತು ವರ್ಷ ಸೀರೆ ನೇಯ್ದ ಅಪ್ಪ ಅದನ್ನು ನೋಡಲಾರದೆ ಎದ್ದು ಕಾಂಪೌಂಡಿನ ಹಿಂದೆ ಹೋದ. ನಾನು ಹಿಂದೆಯೇ ಹೋದೆ. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದೇ ಮಧ್ಯಾಹ್ನ ಗದಗಿನ ಕಡೆಯಿಂದ ಒಂದು ಗಾಡಿ ಬಂತು. ಅದರಲ್ಲಿದ್ದ ಒಬ್ಬ ಅಕ್ಕ, ಐವತ್ತರ ಆಸುಪಾಸಿನವರು, ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಅವರು ಯಾರನ್ನೂ ಸಾಲಿನಲ್ಲಿ ನಿಲ್ಲಿಸಲಿಲ್ಲ. ಚಾಪೆ ಹಾಸಿ, ಹೆಂಗಸರನ್ನು ಒಬ್ಬೊಬ್ಬರನ್ನೇ ಕೂರಿಸಿ, ಕುಂಕುಮ ಹಚ್ಚಿ, ಹೊಸ ಸೀರೆ, ಜಂಪರಿನ ಬಟ್ಟೆ, ಒಂದು ಕಾಯಿ ಇಟ್ಟು ಉಡಿ ತುಂಬಿದರು. "ಪಂಚಮಿಗೆ ತವರಿಗೆ ಬಂದೀರಿ ಅಂತ ತಿಳಕೊಳ್ರವ್ವ" ಅಂದರು. ಅವ್ವ ಸೆರಗು ಒಡ್ಡಿದಳು. ದಾನ ತೆಗೆದುಕೊಳ್ಳುವಾಗ ಕೆಳಗೆ ಬಿದ್ದಿದ್ದ ಅವಳ ಮುಖ ಉಡಿ ತುಂಬಿಸಿಕೊಳ್ಳುವಾಗ ಮೇಲೆದ್ದಿತು. ಗಡಿಬಿಡಿಯಲ್ಲಿ ಅವರ ಹೆಸರು, ಊರು ಏನನ್ನೂ ಕೇಳಲಿಲ್ಲ. ಆ ಬೇಸರ ನಮ್ಮ ಮನೆಯಲ್ಲಿ ಇನ್ನೂ ಇದೆ.

ನೀರು ಇಳಿದ ಮೇಲೆ ಹೋಗಿ ನೋಡಿದರೆ ಗೋಡೆ ನಿಂತೇ ಇದ್ದವು. ನಮ್ಮದು ಮಣ್ಣಿನ ಗೋಡೆಯ ಮೇಲ್ಮುದ್ದೆ ಮನೆ, ಮಾಳಿಗೆಯೂ ಮಣ್ಣಿನದೇ. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿ ತುಂಬ ರಾಡಿ. ಅಪ್ಪ ಒಂದು ಬೋಗಾಣಿ ಹಿಡಿದು ಎರಡು ದಿನ ರಾಡಿ ತೋಡಿದ. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೀರೆ ಇತ್ತು, ಅದೂ ಮಣ್ಣಿನ ಬಣ್ಣವಾಗಿತ್ತು. ಹಾಸನ್ನು, ಮಗ್ಗಕ್ಕೆ ಬಿಗಿದ ಉದ್ದ ನೂಲನ್ನು, ಕತ್ತರಿಸುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ನೆನೆದ ಮಣ್ಣಿನ ಗೋಡೆ ಎಷ್ಟೋ ಸಲ ಬೀಳೋದು ನೀರಿದ್ದಾಗ ಅಲ್ಲ, ಒಣಗುವಾಗ. ಹನ್ನೆರಡನೇ ದಿನ ಹಿಂದಿನ ಗೋಡೆ ಬಿತ್ತು, ಜಂತಿ ಸಮೇತ ಮಾಳಿಗೆ ಕುಳಿತುಬಿಟ್ಟಿತು. ಅಷ್ಟರಲ್ಲಿ ಸರ್ವೆ ಮುಗಿದು ನಮ್ಮ ಮನೆ ಸ್ವಲ್ಪ ಹಾನಿಯಾದ 'ಸಿ' ಗುಂಪಿಗೆ ಸೇರಿತ್ತು.

ಸರ್ಕಾರದ 10,000 ರೂಪಾಯಿ ಬಂತು, ಪಾತ್ರೆ, ಗ್ಯಾಸು, ಹಾಸಿಗೆಗೆ ಆಯಿತು. ಪೂರ್ತಿ ಬಿದ್ದ 'ಎ' ಗುಂಪಿನ ಮನೆಗೆ 5 ಲಕ್ಷ ಅಂತ ಇತ್ತು, ಅದಕ್ಕೆ ಮರುಸರ್ವೆ ಆಗಬೇಕು. ಅಪ್ಪ ಆಫೀಸಿಗೆ ಎಷ್ಟು ಸಲ ಅಲೆದನೋ ಲೆಕ್ಕವಿಲ್ಲ. ಒಂದು ಕಡೆ ಅರ್ಜಿಯೇ ಕಳೆದುಹೋಯಿತು. ಕೊನೆಗೆ ಒಬ್ಬ ಯುವ ಅಧಿಕಾರಿ ತಾವೇ ಬೈಕ್ ಮೇಲೆ ಬಂದು, ಬಿದ್ದ ಮಾಳಿಗೆಯ ಫೋಟೋ ತೆಗೆದು, ವರದಿ ಬರೆದು ಕಳಿಸಿದರು. ಒಂದು ಕಪ್ ಚಹಾ ಕೂಡ ಕುಡಿಯಲಿಲ್ಲ. ಸರ್, ಮನೆ ನೋಡಲು ಬನ್ನಿ, ಚಹಾ ಬಾಕಿ ಇದೆ.

ಇನ್ನೊಂದು ತೊಡಕೂ ಇತ್ತು. ಮನೆಯ ಉತಾರ, ಅಂದರೆ ಮನೆ ಯಾರದು ಅಂತ ಹೇಳುವ ದಾಖಲೆ, ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಕಾಕಾನ ಒಪ್ಪಿಗೆ ಇಲ್ಲದೆ ಏನೂ ಆಗುತ್ತಿರಲಿಲ್ಲ. ಕಾಕಾ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುವ ಕೂಲಿ, ಆ ವರ್ಷ ಅಲ್ಲಿಗೂ ಪಂಚಗಂಗೆ ಹೊಳೆ ನುಗ್ಗಿತ್ತು, ಅವನ ಕೆಲಸವೂ ನಿಂತಿತ್ತು. ಅಪ್ಪ ಫೋನಿನಲ್ಲಿ ಅಳುಕುತ್ತಲೇ ಹೇಳಿದ. ಕಾಕಾ ಮಾರನೇ ದಿನವೇ ಬಸ್ ಹತ್ತಿ ಬಂದು ಬಾಂಡ್ ಪೇಪರಿಗೆ ಸಹಿ ಹಾಕಿದ. ನನ್ನ ಪಾಲೆಷ್ಟು ಅಂತ ಕೇಳಲಿಲ್ಲ. ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗೋದನ್ನು ನೋಡಿದ್ದೇನೆ, ಹಾಗಾಗಿ ಆ ಸಹಿಯ ಬೆಲೆ ನನಗೆ ಗೊತ್ತು. ಕಾಕಾ, ಆ ಮನೆಯಲ್ಲಿ ನಿನಗೆ ಅಂತಲೇ ಒಂದು ಕೋಣೆ ಇದೆ.

ಮನೆ ಮುಗಿಯುವವರೆಗೆ ಒಂದು ಆಸರೆ ಮನೆಯಲ್ಲಿದ್ದೆವು. 2009ರ ನೆರೆಯ ನಂತರ ಸಂತ್ರಸ್ತರಿಗೆ ಅಂತ 'ಆಸರೆ' ಯೋಜನೆಯಲ್ಲಿ ಕಟ್ಟಿದ್ದ ಆ ಮನೆಯವರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಬೀಗದ ಕೈ ಕೊಟ್ಟು, "ಬಾಡಿಗಿ ಮಾತ ಆಡಬ್ಯಾಡ್ರಿ" ಅಂದರು. ಸುಮಾರು ಎರಡು ವರ್ಷ ಇದ್ದೆವು. ಪಾಯ ಹಾಕಿದ ಮೇಲೆ ಲಾಕ್‌ಡೌನ್ ಬಂತು, ಸಿಮೆಂಟ್ ಸಿಗಲಿಲ್ಲ, ಆಮೇಲೆ ರೇಟು ಏರಿತು. ಐದು ಲಕ್ಷ ಸಾಲಲಿಲ್ಲ. ಗೌಂಡಿ ಮಾವ ಅರ್ಧ ಕೂಲಿಗೆ ಕೆಲಸ ಮಾಡಿ ಉಳಿದದ್ದನ್ನು ಆದಾಗ ಕೊಡಿ ಅಂದ. ನೆಲ ಹಾಕುವಾಗ ನಾವು ಹೇಳುವ ಮೊದಲೇ ಮಗ್ಗದ ಕುಣಿಗೆ ಜಾಗ ಬಿಟ್ಟಿದ್ದ. ಅಪ್ಪ ಅದರಲ್ಲಿ ಕಾಲು ಇಳಿಬಿಟ್ಟು ಕೂತು ಅಳತೆ ನೋಡಿದ. ಸರಿಯಾಗಿತ್ತು.

2021ರ ಜುಲೈನಲ್ಲಿ ಮತ್ತೆ ಖಾನಾಪುರದ ಕಡೆ ಜೋರು ಮಳೆಯಾದಾಗ ನಾವ್ಯಾರೂ ಎರಡು ರಾತ್ರಿ ಮಲಗಲಿಲ್ಲ. ಆಯಿ ಗಂಟು ಕಟ್ಟಿಟ್ಟಿದ್ದಳು. ಈ ಸಲ ಅದನ್ನು ಬಿಚ್ಚಿಟ್ಟೆವು.

ಪಂಚಮಿ ಮುಗಿದ ಮಾರನೇ ದಿನದಿಂದ ಅಪ್ಪ ಮಗ್ಗಕ್ಕೆ ಕೂತಿದ್ದಾನೆ. ನೂಲು ಉದ್ರಿ ಕೊಟ್ಟ ಸಾವಕಾರರಿಗೂ ಶರಣು. ಮೊದಲ ಸೀರೆ ಹಸಿರು, ಕೆಂಪು ಅಂಚು. ಅದನ್ನು ಮಾರುವುದಿಲ್ಲ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದಾನೆ. ಗದಗಿನ ಕಡೆಯ ಅಕ್ಕಾ, ಅದು ನಿಮ್ಮದು. ಇದನ್ನು ಓದಿದವರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ ದಯವಿಟ್ಟು ಹೇಳಿ. ಬಂದು ಒಂದು ರಾತ್ರಿ ಇದ್ದು, ಅವ್ವನ ಕೈಯಿಂದ ಉಡಿ ತುಂಬಿಸಿಕೊಂಡು ಹೋಗಿ, ಅಕ್ಕಾ. ನೀವು ಬಂದಿದ್ದಿರಲ್ಲ, ಅದೇ ಸಾಲಿ, ಅದರ ಮುಂದಿನ ಓಣಿ. ಮಗ್ಗದ ಸಪ್ಪಳ ಕೇಳುವ ಮನೆ ಯಾವುದು ಅಂದರೆ ಯಾರಾದರೂ ತೋರಿಸುತ್ತಾರೆ.