ಹಳೆಯ ಬೇಟೆ ಬಿಲ್ಲಿಗೆ ದುಡ್ಡು ಹಾಕುವ ಮುನ್ನ

ಮಾನ್ಯ ಸಂಪಾದಕರೆ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಬಿಲ್ಲಿನ, ಅಂದರೆ ತುದಿಗಳಲ್ಲಿ ಕ್ಯಾಮ್ ಎಂಬ ಚಕ್ರಗಳಿರುವ ಬಿಲ್ಲಿನ, ಮಿಶ್ರ ತಂಡ ಸ್ಪರ್ಧೆ ಸೇರಿದೆ. ಮಕ್ಕಳಿಗೂ ಇದನ್ನು ಕಲಿಸೋಣ ಎಂಬ ಆಸೆ ಹುಟ್ಟುವುದು ಸಹಜ. ಹೊಸ ಬಿಲ್ಲಿನ ಬೆಲೆ ಕೇಳಿ ಹಿಂಜರಿದವರು, ಅಮೆರಿಕದಲ್ಲಿರುವ ನೆಂಟರು ಬೇಟೆಗೆ ಬಳಸಿ ಮೂಲೆಗಿಟ್ಟ ಬಿಲ್ಲನ್ನು ತರಿಸಿಕೊಂಡು, ಅದಕ್ಕೇ ಹೊಸ ಸೈಟ್ (ಗುರಿ ನೋಡುವ ಸಾಧನ), ಹೊಸ ರೆಸ್ಟ್ (ಬಾಣ ಕೂರುವ ಆಸರೆ) ಹಾಕಿಸಲು ಹೊರಡುತ್ತಾರೆ. ಕೆಲವು ಬಿಲ್ಲಿಗೆ ಅದು ಸರಿಯೇ. ಆದರೆ ಬಿಡಿಭಾಗ ಕೊಳ್ಳುವ ಮೊದಲು ಬಿಲ್ಲನ್ನು ಪರೀಕ್ಷಿಸಬೇಕು.

ಮೊದಲು ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳುಗಳು. ಹತ್ತಿಯ ಉಂಡೆಯೊಂದನ್ನು ಎರಡೂ ಲಿಂಬ್‌ಗಳ ಮೇಲೆ, ಕೆಳಗೆ, ಅಂಚುಗಳ ಉದ್ದಕ್ಕೂ ನಿಧಾನವಾಗಿ ಸವರಿ. ಹತ್ತಿಯ ಎಳೆ ಸಿಕ್ಕಿಕೊಂಡ ಕಡೆ ಫೈಬರ್‌ಗ್ಲಾಸ್ ಸೀಳಿರುವ ಸಾಧ್ಯತೆಯಿದೆ. ಕ್ಯಾಮ್‌ನ ಆಕ್ಸಲ್ (ಅಚ್ಚು) ಹಾಯುವ ತುದಿಯನ್ನೂ ಲಿಂಬ್ ತಾನು ಕೂರುವ ಪಾಕೆಟ್‌ನಿಂದ ಹೊರಬರುವ ಜಾಗವನ್ನೂ ಟಾರ್ಚ್ ಹಾಕಿ ನೋಡಿ. ಬಾಣ ಇಡದೆ ಹೆದೆ ಬಿಟ್ಟರೆ, ಬಾಣ ಹೊತ್ತೊಯ್ಯಬೇಕಿದ್ದ ಶಕ್ತಿಯೆಲ್ಲ ಲಿಂಬ್‌ಗೂ ಕ್ಯಾಮ್‌ಗೂ ಬಡಿಯುತ್ತದೆ; ಬಿರುಕು ಹೆಚ್ಚಾಗಿ ಹುಟ್ಟುವುದು ಹಾಗೆ. ಬಿರುಕು ಕಂಡ ಬಿಲ್ಲನ್ನು ಒಮ್ಮೆಯೂ ಎಳೆಯಬೇಡಿ, ಅಂಟು ಹಚ್ಚಿ ಸರಿಮಾಡುವ ಕೆಲಸವಲ್ಲ ಅದು. ಆಮೇಲೆ ಕ್ಯಾಮ್‌ನ ಮಗ್ಗುಲಿಗೆ ಒಂದು ನೇರ ಬಾಣ ಒತ್ತಿ ಹಿಡಿದು ಹೆದೆಯ ಗುಂಟ ಕಣ್ಣು ಹಾಯಿಸಿ. ಬಾಣ ಹೆದೆಯಿಂದ ಓರೆಯಾಗಿ ಸರಿಯುತ್ತಿದ್ದರೆ ಕ್ಯಾಮ್ ವಾಲಿದೆ.

ಹೆದೆಯ ಮೇಲೆ ನೂಲು ಎದ್ದಿದ್ದರೆ, ಸುತ್ತಿದ ದಾರ ಬಿಚ್ಚಿಕೊಂಡಿದ್ದರೆ, ಹೆದೆಯನ್ನೂ ಕ್ಯಾಮ್‌ಗಳನ್ನು ಜೋಡಿಸುವ ಕೇಬಲ್‌ಗಳನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಹಿಗ್ಗಿದ ಹಳೆಯದು ಕ್ಯಾಮ್‌ಗಳ ಹೊಂದಾಣಿಕೆ ಕೆಡಿಸುತ್ತದೆ. ತೀರಾ ಹಳೆಯ ಬಿಲ್ಲುಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಕೇಬಲ್ ಇರುತ್ತದೆ. ಹೊದಿಕೆಯ ಒಳಗೆ ತುಕ್ಕು ಹಿಡಿದರೂ ಹೊರಗೆ ಕಾಣದು. ಡಾಕ್ರಾನ್ ಎಂಬ ಹಿಗ್ಗುವ ನೂಲಿನ ಹೆದೆಗೆಂದು ಮಾಡಿದ ಬಿಲ್ಲಿಗೆ, ತಯಾರಕರು ಒಪ್ಪದ ಹೊರತು, ಹಿಗ್ಗದ ಈಗಿನ ನೂಲು ಹಾಕಿಸಬೇಡಿ. ಹೊಡೆತವೆಲ್ಲ ಲಿಂಬ್ ತುದಿಗೆ ಬೀಳುತ್ತದೆ. ಲಿಂಬ್‌ಗಳನ್ನು ಬಾಗಿಸಿ ಹಿಡಿಯುವ ಬೋ ಪ್ರೆಸ್ ಯಂತ್ರ ಇಲ್ಲದೆ ಹೆದೆ ಬಿಚ್ಚಲು ಹೋಗಲೇಬೇಡಿ.

ಇಷ್ಟರಲ್ಲಿ ಪಾಸಾದ ಬಿಲ್ಲೂ ನಿಮ್ಮ ಮೈಗೆ ಹೊಂದದಿರಬಹುದು. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. ಕೈಗಳ ಅಳತೆ 67 ಅಂಗುಲ ಬಂದವರಿಗೆ ಎಳೆತದ ಉದ್ದ (ಹೆದೆಯನ್ನು ಪೂರ್ತಿ ಹಿಂದಕ್ಕೆಳೆಯುವ ದೂರ) ಸುಮಾರು 27 ಅಂಗುಲ ಬೇಕು. ಕೈಗೆ ಬಂದ ಬಿಲ್ಲು 29 ಅಂಗುಲದ್ದಾದರೆ ಈ ಉದ್ದ ನಿರ್ಧರಿಸುವ ಕ್ಯಾಮ್‌ನ ಭಾಗವಾದ ಮಾಡ್ಯೂಲನ್ನೋ ಇಡೀ ಕ್ಯಾಮನ್ನೋ ಬದಲಿಸಬೇಕು. ಹಳೆಯ ಮಾದರಿಗೆ ಆ ಭಾಗ ಸಿಗದಿದ್ದರೆ ತೀರ್ಮಾನ ಅಲ್ಲಿಗೇ ಮುಗಿಯಿತು. ಎಳೆತದ ಭಾರದ, ಅಂದರೆ ಹೆದೆ ಎಳೆಯಲು ಬೇಕಾದ ಬಲದ ಮಾತೂ ಅಷ್ಟೇ. ಬೇಟೆ ಬಿಲ್ಲು ಸಾಮಾನ್ಯವಾಗಿ 60ರಿಂದ 70 ಪೌಂಡ್. ಲಿಂಬ್ ಹಿಡಿದಿಡುವ ಬೋಲ್ಟ್ ಸಡಿಲಿಸಿ ಸಾಮಾನ್ಯವಾಗಿ ಹತ್ತು ಪೌಂಡ್‌ನಷ್ಟು ಇಳಿಸಬಹುದು. ಕೈಪಿಡಿ ಹೇಳಿದ ಸುತ್ತಿಗಿಂತ ಹೆಚ್ಚು ಬಿಚ್ಚಿದರೆ ಬೋಲ್ಟೇ ಕಿತ್ತು ಬಿಲ್ಲು ಸಿಡಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಂಪೌಂಡ್‌ಗಿರುವ ಗರಿಷ್ಠ ಮಿತಿಯೇ 60 ಪೌಂಡ್. ಹೊಸದಾಗಿ ಕಲಿಯುವ ಮಗುವಿನ ಭುಜಕ್ಕೆ ಅದು ಸಲ್ಲದು. ಪೂರ್ತಿ ಎಳೆದಾಗ ಹಿಡಿದು ನಿಲ್ಲಬೇಕಾದ ಭಾರವೂ ಹಳೆಯದರಲ್ಲಿ ಹೆಚ್ಚು: 60 ಪೌಂಡ್ ಬಿಲ್ಲಿನಲ್ಲಿ ಲೆಟ್-ಆಫ್ (ಪೂರ್ತಿ ಎಳೆದಾಗ ಇಳಿಯುವ ಭಾರದ ಪಾಲು) ಶೇ 65 ಇದ್ದರೆ 21 ಪೌಂಡ್, ಶೇ 80 ಇದ್ದರೆ 12. ಇದು ಕ್ಯಾಮ್‌ನ ಆಕಾರದಲ್ಲೇ ಇರುವ ಗುಣ. ಸೈಟ್ ಬದಲಿಸಿದರೆ ಅದು ಬದಲಾಗದು.

ಲಿಂಬ್ ಗಟ್ಟಿಯಿದ್ದು, ಅಳತೆ ಹೊಂದಿ, ಆಕ್ಸಲ್‌ನಿಂದ ಆಕ್ಸಲ್‌ಗೆ 38 ಅಂಗುಲದಷ್ಟು ಉದ್ದವಿದ್ದರೆ ಹಳೆಯ ಬಿಲ್ಲನ್ನು ಧಾರಾಳವಾಗಿ ಉಳಿಸಿಕೊಳ್ಳಿ. ಗುರಿ ಹೊಡೆಯಲು ಈಗಿನ ಗಿಡ್ಡ ಬೇಟೆ ಬಿಲ್ಲಿಗಿಂತ ಅದೇ ಸ್ಥಿರ. ಮೊದಲ ಖರ್ಚು ಹೆದೆ, ಕೇಬಲ್‌ಗೆ. ಸೈಟ್, ರೆಸ್ಟ್, ರಿಲೀಸ್ (ಹೆದೆ ಬಿಡುವ ಸಾಧನ), ಸ್ಟೆಬಿಲೈಸರ್ (ಅಲುಗಾಟ ತಗ್ಗಿಸುವ ದಂಡ)ಗಳನ್ನು ಮುಂದೆ ಹೊಸ ಬಿಲ್ಲಿಗೂ ಹಾಕಿಕೊಳ್ಳಬಹುದಾದ್ದರಿಂದ ಅವುಗಳಲ್ಲಿ ಜಿಪುಣತನ ಬೇಡ. ಮಾಡ್ಯೂಲ್, ಲಿಂಬ್‌ಗೆ ಹಾಕಿದ ದುಡ್ಡು ಆ ಬಿಲ್ಲಿನೊಂದಿಗೇ ಹೋಗುತ್ತದೆ. ಬಾಣವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ: ಎಳೆತದ ಭಾರದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್, ಅಂದರೆ 60 ಪೌಂಡಿಗೆ 300 ಗ್ರೇನ್, ಸುಮಾರು 19.5 ಗ್ರಾಂ. ಅದಕ್ಕಿಂತ ತೀರಾ ಹಗುರವಾದರೆ ಬಾಣವಿಲ್ಲದೆ ಬಿಟ್ಟಾಗಿನಂತೆ ಬಿಲ್ಲಿಗೆ ಪೆಟ್ಟು ಬೀಳಬಹುದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡಬೇಡಿ, ಹೆದೆ ಹಿಗ್ಗುತ್ತದೆ.

ಕಾನೂನಿನ ಮಾತು ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಅದರ ಪ್ರಕಾರ ಬಿಲ್ಲುಬಾಣವೂ ಆಯುಧವೇ. ಡಿಕ್ಕಿಯಲ್ಲಿ ಬಿಲ್ಲಿಟ್ಟುಕೊಂಡು ಬನ್ನೇರುಘಟ್ಟ ಅರಣ್ಯದೊಳಗೆ ಹೋಗುವುದೂ ಅನುಮತಿಯಿಲ್ಲದೆ ಅಪರಾಧ. ಬೇಟೆಯ ಬ್ಲೇಡ್ ಮೊನೆಗಳು ಜೊತೆಗೆ ಬಂದಿದ್ದರೆ ಕಳಚಿಡಿ.

ಮೇಲಿನ ಪರೀಕ್ಷೆಗಳಲ್ಲಿ ಅರ್ಧ ಮನೆಯಲ್ಲೇ ಆಗುತ್ತವೆ, ಉಳಿದರ್ಧಕ್ಕೆ ಬೋ ಪ್ರೆಸ್ಸೂ ಎಳೆತದ ಭಾರ ಅಳೆಯುವ ಸ್ಕೇಲೂ ಬೇಕು. ನಗರದ ಬಿಲ್ಲುಗಾರಿಕೆ ತರಬೇತಿ ಕೇಂದ್ರಗಳು ತಿಂಗಳಿಗೊಂದು ದಿನವಾದರೂ ಹೊರಗಿನವರ ಬಿಲ್ಲನ್ನು ಸಣ್ಣ ಶುಲ್ಕ ಪಡೆದು ಪರೀಕ್ಷಿಸಿ ಕೊಡಲಿ ಎಂದು ಕೋರುತ್ತೇನೆ.

– ಬಿಲ್ಲುಗಾರಿಕೆ ತರಬೇತುದಾರ, ಜಯನಗರ, ಬೆಂಗಳೂರು