ಬಿಗ್ ಬ್ಯಾಂಡ್‌ಗಳು ಸುಮ್ನೆ ಸೋಲಲಿಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜಾಝ್ ಬಗ್ಗೆ ಬಂದ ಲೇಖನ ಖುಷಿ ಕೊಟ್ಟಿತು. ಆದರೆ 1940ರ ದಶಕದಲ್ಲಿ ಬೀಬಾಪ್ ಎಂಬ ವೇಗದ ಹೊಸ ಜಾಝ್ ಶೈಲಿ ಬಂದದ್ದರಿಂದಲೇ ಬಿಗ್ ಬ್ಯಾಂಡ್‌ಗಳು, ಅಂದರೆ ಕುಣಿತಕ್ಕೆ ನುಡಿಸುತ್ತಿದ್ದ ದೊಡ್ಡ ಜಾಝ್ ತಂಡಗಳು, ಮುಗಿದವು ಎಂಬ ಮಾತನ್ನು ಒಪ್ಪಲು ಆಗಲಿಲ್ಲ. ನಾನು 30 ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು. 15 ಜನರ ಊಟ, ಬಸ್ ಚಾರ್ಜು, ಸಂಬಳ ಎಂದರೆ ಎಷ್ಟು ಭಾರ ಎಂದು ಗೊತ್ತು. ಅಮೆರಿಕದ ಬ್ಯಾಂಡ್‌ಗಳನ್ನು ಹಿಂಡಿದ್ದರಲ್ಲಿ ಖರ್ಚಿನ ಪಾಲೂ ಜಾಸ್ತಿಯೇ ಇತ್ತು. 1944ರಲ್ಲಿ ಕುಣಿತದ ಜಾಗಗಳ ಮೇಲೆ ಭಾರೀ ತೆರಿಗೆ ಬೇರೆ ಬಿತ್ತು.

ಬೀಬಾಪ್ ಬೆಳೆದದ್ದೂ ಬಿಗ್ ಬ್ಯಾಂಡಿನ ಮಡಿಲಲ್ಲೇ ಅಲ್ವಾ? ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಡಿಝಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಇಬ್ಬರೂ 1943ರಲ್ಲಿ ಅರ್ಲ್ ಹೈನ್ಸ್ ಅವರ ಬಿಗ್ ಬ್ಯಾಂಡಿನಲ್ಲಿದ್ದರು. ಪಾರ್ಕರ್ ಅಲ್ಲಿ ತಮ್ಮ ಆಲ್ಟೊ ಸ್ಯಾಕ್ಸೊಫೋನ್ ಬಿಟ್ಟು ಅದಕ್ಕಿಂತ ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಊದುತ್ತಿದ್ದರು.

ನನಗೆ ತುಂಬಾ ಇಷ್ಟವಾದವರು ಬ್ಯಾಂಡ್ ನಾಯಕ ವುಡಿ ಹರ್ಮನ್. 1946ರ ಕೊನೆಯಲ್ಲಿ ಬ್ಯಾಂಡ್ ಮುಚ್ಚಿದವರು ಮರುವರ್ಷವೇ ಹೊಸದು ಕಟ್ಟಿದರು. ಬೀಬಾಪ್ ಕಲಿತ ಹುಡುಗರನ್ನೇ ಸೇರಿಸಿಕೊಂಡರು. ಹರ್ಮನ್ ಬ್ಯಾಂಡಿಗಾಗಿ ಜಿಮ್ಮಿ ಜುಫ್ರಿ ಬರೆದ ‘ಫೋರ್ ಬ್ರದರ್ಸ್’ ಕೇಳಿ. ಮೂರು ಟೆನರ್ ಸ್ಯಾಕ್ಸೊಫೋನ್, ಇನ್ನೂ ತಗ್ಗು ದನಿಯ ಬ್ಯಾರಿಟೋನ್ ಒಂದು. ನಾಲ್ಕೂ ಒಂದೇ ಉಸಿರಿನಲ್ಲಿ ಓಡುತ್ತವೆ. ಆ ವೇಗದಲ್ಲಿ ನಾಲ್ವರು ಕೂಡಿ ಊದುವುದು ಎಷ್ಟು ಕಷ್ಟ ಎಂದು ಊದಿದವರಿಗೇ ಗೊತ್ತು.

ಇನ್ನೊಬ್ಬ ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ ಸ್ವಲ್ಪ ಕಾಲ ಬೀಬಾಪ್ ಪ್ರಯತ್ನಿಸಿ ಕೈಬಿಟ್ಟರು. ಮತ್ತೊಬ್ಬ ನಾಯಕ ಕೌಂಟ್ ಬೇಸಿ 1950ರಲ್ಲಿ ಚಿಕ್ಕ ತಂಡಕ್ಕೆ ಇಳಿದರೂ 1952ರಲ್ಲಿ ದೊಡ್ಡ ಬ್ಯಾಂಡನ್ನು ಮತ್ತೆ ನಿಲ್ಲಿಸಿದರು.

ಗಿಲೆಸ್ಪಿ ತಾವೇ ಕಟ್ಟಿದ ಬಿಗ್ ಬ್ಯಾಂಡಿನ ಬಗ್ಗೆ ಒಂದು ಲೇಖನ ಬರೆಸಿ. ಕಾಯುತ್ತಿರುತ್ತೇನೆ.

– ನಿವೃತ್ತ ಕ್ಲಾರಿನೆಟ್ ವಾದಕ, ಮೈಸೂರು