ಏಳು ಜನರ ಸಮಿತಿ

ತೀರ್ಥರೂಪು ತಂದೆಯವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ.

ನೀತಿಶಾಸ್ತ್ರ ಓದಲು ತತ್ತ್ವಶಾಸ್ತ್ರದವರ ಜೊತೆಗೆ ವೈದ್ಯರೂ ವಕೀಲರೂ ಏಕೆ ಕೂರಬೇಕೆಂದು ಕೇಳಿದ್ದಿರಿ. ಈಚೆಗೆ ನಮ್ಮ ತರಗತಿಯಲ್ಲಿ ಚರ್ಚೆಗೆ ಬಂದ ಒಂದು ಪ್ರಸಂಗವನ್ನೇ ಬರೆಯುತ್ತೇನೆ.

1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್, ರೋಗಿಯ ತೋಳಿನ ಅಪಧಮನಿಗೂ ಅಭಿಧಮನಿಗೂ ಜೋಡಿಸಿ ಅಲ್ಲಿಯೇ ಬಿಡಬಹುದಾದ ಟೆಫ್ಲಾನ್ ಕೊಳವೆಯನ್ನು ರೂಪಿಸಿದರು. ಅದುವರೆಗೆ, ರಕ್ತವನ್ನು ಯಂತ್ರದಿಂದ ಶುದ್ಧಿಗೊಳಿಸುವ ಪ್ರತಿ ಡಯಾಲಿಸಿಸ್‌ಗೂ ಹೊಸದಾಗಿ ರಕ್ತನಾಳವನ್ನು ತೆರೆಯಬೇಕಿದ್ದುದರಿಂದ ಮೂತ್ರಪಿಂಡ ಪೂರ್ತಿ ಕೆಟ್ಟವರು ಬಹುಕಾಲ ಉಳಿಯುತ್ತಿರಲಿಲ್ಲ. ಈಗ ಅವರನ್ನು ವರ್ಷಗಟ್ಟಲೆ ಬದುಕಿಸಬಹುದಾಯಿತು. ಆದರೆ ಯಂತ್ರಗಳಿದ್ದದ್ದು ಬೆರಳೆಣಿಕೆಯಷ್ಟು. ಚಿಕಿತ್ಸೆಗೆ ಅರ್ಹರೆಂದು ವೈದ್ಯರು ಹೇಳಿದವರಲ್ಲಿ ಯಾರನ್ನು ಆರಿಸಬೇಕೆಂಬ ತೀರ್ಮಾನವನ್ನು ಪಾದ್ರಿ, ವಕೀಲ, ಗೃಹಿಣಿ, ಬ್ಯಾಂಕಿನವರು, ಕಾರ್ಮಿಕ ಮುಖಂಡ ಮೊದಲಾದ ಏಳು ಜನರಿಗೆ, ಅವರ ಹೆಸರನ್ನು ಗುಟ್ಟಾಗಿಟ್ಟು, ಒಪ್ಪಿಸಲಾಯಿತು. ಅವರು ವಯಸ್ಸು, ಅವಲಂಬಿತರು, ಆದಾಯ, ವಿದ್ಯೆ, ಉದ್ಯೋಗ ಎಲ್ಲವನ್ನೂ ತೂಗಿದರು. 1962ರಲ್ಲಿ ಪತ್ರಿಕೆಯೊಂದು ಇದನ್ನು ಬರೆದಾಗ ದೇಶವೇ ಬೆಚ್ಚಿತು. ನನಗೇನೋ ಆ ಏಳು ಜನರು ಕ್ರೂರಿಗಳೆನಿಸುವುದಿಲ್ಲ. ಬೇರೆಡೆ ಬಾಯಿಬಿಡದೆ ನಡೆಯುವ ಆಯ್ಕೆಯನ್ನು ಅವರು ಕಾರಣ ಕೊಟ್ಟು ಮಾಡಬೇಕಾಯಿತು, ಅಷ್ಟೆ.

ಹೆಚ್ಚು ಜನರ ಹೆಚ್ಚು ಹಿತವೇ ಅಳತೆಗೋಲೆನ್ನುವ ಇಂಗ್ಲಿಷ್ ತತ್ತ್ವಜ್ಞಾನಿ ಮಿಲ್‌ನ ಪಕ್ಷದವರು ಮಕ್ಕಳೊಂದಿಗರನ್ನು ಮೊದಲು ಉಳಿಸುವುದರಲ್ಲಿ ತಪ್ಪೇನೆಂದರು. ಮನುಷ್ಯನಿಗೆ ಘನತೆಯುಂಟೇ ಹೊರತು ಬೆಲೆಯಿಲ್ಲವೆಂದು 1785ರಲ್ಲಿಯೇ ಬರೆದ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಮುಂದಿಟ್ಟುಕೊಂಡು ನಾವು ಕೆಲವರು ಚೀಟಿ ಎತ್ತುವುದೇ ನ್ಯಾಯವೆಂದೆವು. ಆಗ ಸಹಪಾಠಿಯಾದ ವೈದ್ಯೆಯೊಬ್ಬರು, ಕೆಲವೇ ತಿಂಗಳು ಬದುಕಬಲ್ಲವರಿಗೂ ದಶಕ ಬದುಕಬಲ್ಲವರಿಗೂ ಒಂದೇ ಚೀಟಿಯೇ ಎಂದು ಕೇಳಿದರು. ಇಬ್ಬರ ವಾದಕ್ಕೂ ಅದು ತೊಡಕಾಯಿತು, ಏಕೆಂದರೆ ಅಂಥ ಅಂದಾಜು ಎಷ್ಟು ನಂಬಲರ್ಹವೆಂಬುದು ಆಸ್ಪತ್ರೆಯಲ್ಲಿ ದುಡಿದವರಿಗಷ್ಟೇ ಗೊತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನಂತೂ ಯಂತ್ರಗಳ ಕೊರತೆ ದೈವಲಿಖಿತವಲ್ಲ, ಅದೂ ಯಾರದೋ ತೀರ್ಮಾನವೇ ಎಂದು ಪ್ರಶ್ನೆಯನ್ನೇ ಬದಲಿಸಿದ. 1972ರಲ್ಲಿ ಆದದ್ದು ಅದೇ: ಮೂತ್ರಪಿಂಡ ಪೂರ್ತಿ ಕೆಟ್ಟ ಹೆಚ್ಚುಕಡಿಮೆ ಎಲ್ಲ ರೋಗಿಗಳ ಚಿಕಿತ್ಸೆಯ ಖರ್ಚಿನ ಬಹುಪಾಲನ್ನು ಅಲ್ಲಿನ ಕೇಂದ್ರ ಸರ್ಕಾರ ಕಾನೂನಿನ ಮೂಲಕ ವಹಿಸಿಕೊಂಡಿತು. ಆದರೆ ಈ ಒಂದು ಕಾಯಿಲೆಗೇ ಏಕೆ ಈ ರಿಯಾಯಿತಿ ಎಂಬ ಪ್ರಶ್ನೆಗೆ ನಮ್ಮಲ್ಲಿ ಯಾರ ಉತ್ತರವೂ ನನಗೆ ಸಮಾಧಾನ ತಂದಿಲ್ಲ. ನನ್ನ ಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಆ ಸಮಿತಿಯಲ್ಲಿ ನೀವಿದ್ದಿದ್ದರೆ ಚೀಟಿ ಎತ್ತಿಸುತ್ತಿದ್ದಿರೋ ಇಲ್ಲವೋ, ದಯವಿಟ್ಟು ಬರೆಯಿರಿ. ಅಮ್ಮನನ್ನೂ ಕೇಳಿ, ಅವರು ನಿಮ್ಮನ್ನು ಒಪ್ಪಲಾರರೆಂದು ನನ್ನ ಊಹೆ.

ಇತಿ ನಿಮ್ಮ ಪ್ರೀತಿಯ ಮಗಳು